ಕೋಡಿ ಮತ್ತು ಬೆಂಗ್ರೆ

ಹಲಸೂರಿನವರಿಗೆ ಕೋಡಿಯೆಂದರೆ ಕೆರೆಯ ಕೋಡಿ. ಮಳೆ ಹೆಚ್ಚಾದಾಗ ನೀರು ಹೊರಬೀಳುವ ಎಡೆ. ಇದೇ ಮಾತನ್ನು ಘಟ್ಟದ ಕೆಳಗಿನವರು ಆಡಿದರೆ ಅದು ನೀರಲ್ಲ, ನೆಲ: ನದಿಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿದ ಮರಳಿನ ತುದಿ. ಕುಂದಾಪುರದ ಕೋಡಿ, ಹೆಜಮಾಡಿ ಕೋಡಿ, ಕೋಡಿಬೆಂಗ್ರೆ ಇವೆಲ್ಲವೂ ಅಂತಹ ಸ್ಥಳಗಳು. ನಮ್ಮ ಕೆರೆಯ ಏರಿಯನ್ನು ಮನುಷ್ಯನು ಕಟ್ಟಿದನು. ಆ ಮರಳಿನ ಏರಿಯನ್ನು ಕಟ್ಟಿದವರಾರೆಂಬುದನ್ನು ಈಗ ವಿಚಾರಿಸೋಣ.

ಮಂಗಳೂರಿನ ಬೆಂಗ್ರೆಯನ್ನೇ ನೋಡಬಹುದು. ಗುರುಪುರ ನದಿಯು ಕಡಲಿನ ತೀರ ಸಮೀಪಕ್ಕೆ ಬಂದೂ ಅದನ್ನು ಸೇರಲಾರದೆ, ತೆಂಕಣಕ್ಕೆ ತಿರುಗಿ, ನೇತ್ರಾವತಿಯೊಡನೆ ಕೂಡಿ ಅಳಿವೆಯನ್ನು ಸೇರುತ್ತದೆ. ಅಡ್ಡವಾಗಿರುವುದು ಬಂಡೆಯಲ್ಲ, ಬರಿಯ ಮರಳು! ಅಳಿವೆಯ ಆಚೆ ದಡದಲ್ಲಿ ಉಳ್ಳಾಲದ ಮರಳುದಂಡೆಯು ಬಡಗಣಕ್ಕೆ ಚಾಚಿ ಬೆಂಗ್ರೆಗೆ ಎದುರಾಗಿ ನಿಂತಿದೆ.

ಅಲೆಯು ದಡಕ್ಕೆ ನೇರವಾಗಿ ಬರುವುದು ಅಪರೂಪ. ಸಾಮಾನ್ಯವಾಗಿ ಓರೆಯಾಗಿ ಬಂದು ಮರಳನ್ನು ಓರೆಯಾಗಿಯೇ ಮೇಲಕ್ಕೆ ತಳ್ಳುತ್ತದೆ. ಹಿಂದಿರುಗುವ ನೀರಾದರೋ ಇಳಿಜಾರಿನಲ್ಲಿ ನೇರವಾಗಿ ಜಾರುತ್ತದೆ. ಹೀಗೆ ಪ್ರತಿ ಅಲೆಗೂ ಮರಳಿನ ಕಣವು ದಡದ ಉದ್ದಕ್ಕೆ ಒಂದು ಹೆಜ್ಜೆ ಸರಿಯುತ್ತದೆ. ದಡವು ಒಮ್ಮೆಗೇ ಒಳಕ್ಕೆ ಬಾಗುವ ಅಳಿವೆಯ ಬಳಿ ಅಲೆಯ ಬಲ ಕುಂದಿ, ಹೊತ್ತ ಮರಳು ಕೆಳಗೆ ಬೀಳುತ್ತದೆ. ಕೋಡಿಯ ಬೆಳವಣಿಗೆಯೆಂದರೆ ಇದೇ. ಅದು ಬಾಯನ್ನು ಪೂರ್ತಿ ಮುಚ್ಚದಂತೆ ಕಾಯುವುದು ಮಳೆಗಾಲದ ನೆರೆ ಮತ್ತು ದಿನಕ್ಕೆರಡು ಬಾರಿಯ ಉಬ್ಬರವಿಳಿತ. ಮುಂಗಾರಿನ ದೊಡ್ಡ ಅಲೆಗಳು ದಡದ ಮರಳನ್ನು ಕಡಲೊಳಕ್ಕೆ ಎಳೆದು ದಿಣ್ಣೆಯಾಗಿ ಇಡುತ್ತವೆ. ಶಾಂತಕಾಲದ ಸಣ್ಣ ಅಲೆಗಳು ಅದನ್ನು ಮೆಲ್ಲಗೆ ಹಿಂದಕ್ಕೆ ತಂದೊಪ್ಪಿಸುತ್ತವೆ. ಆದುದರಿಂದ ಆಷಾಢದಲ್ಲಿ ಕಂಡ ಕೊರೆತವೆಲ್ಲವೂ ನಷ್ಟವೆಂದು ತಿಳಿಯಬಾರದು.

ಇಂತಹ ನೆಲದಲ್ಲಿಯೂ ಸಿಹಿನೀರಿನ ಬಾವಿಗಳುಂಟೆಂದರೆ ತಮಗೆ ಆಶ್ಚರ್ಯವಾದೀತು. ಇಂಗಿದ ಮಳೆನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಅತಿಯಾಗಿ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ತೆಂಗು, ಮನೆ, ಸಂಸಾರ ಎಲ್ಲವೂ ಈ ತೆಳುವಾದ ಪದರವನ್ನು ನಂಬಿವೆ.

ಕೋಡಿಯ ಮರಳು ಠೇವಣಿಯಲ್ಲ, ಚಲಾವಣೆಯ ಹಣ. 1990ರ ದಶಕದಲ್ಲಿ, ದೋಣಿಗಳ ದಾರಿ ಹೂಳದಿರಲೆಂದು, ಮಂಗಳೂರಿನ ಅಳಿವೆಯ ಎರಡು ಪಕ್ಕಗಳಲ್ಲಿ ಕಡಲೊಳಕ್ಕೆ ಕಲ್ಲಿನ ಗೋಡೆಗಳನ್ನು ಚಾಚಿದರು. ದೋಣಿಗಾರರ ಅಗತ್ಯ ನ್ಯಾಯವಾದುದೇ. ಆದರೆ ದಡದುದ್ದಕ್ಕೆ ನಡೆಯುತ್ತಿದ್ದ ಮರಳಿಗೆ ಅದು ಅಡ್ಡಗಟ್ಟೆಯಾಯಿತು. ಬಳಿಕ ಉಳ್ಳಾಲದ ಕಡಲ್ಕೊರೆತ ಉಗ್ರವಾಗಿ, ಮನೆಗಳು ಕಡಲುಪಾಲಾದವು. ಅಲೆಯನ್ನು ದೂರದಲ್ಲಿಯೇ ಮುರಿಯಲೆಂದು 2010ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ದಡದಾಚೆ ನೀರೊಳಗೆ ದಿಬ್ಬಗಳನ್ನು ನಿರ್ಮಿಸಬೇಕಾಯಿತು.

ಕಲ್ಲಿನ ಗೋಡೆಯೊಂದನ್ನೇ ದೂರಿದರೆ ಸಾಲದು. ನೇತ್ರಾವತಿಯ ಪಾತ್ರದಿಂದ ಮನೆ ಕಟ್ಟಲೆಂದು ತೆಗೆದ ಮರಳು ಅಳಿವೆಯನ್ನು ಮುಟ್ಟುವುದಿಲ್ಲ. ತುಂಬೆಯ ಅಣೆಕಟ್ಟಿನ ಹಿಂದೆ ತಂಗಿದ ಮರಳೂ ಅಷ್ಟೇ. ಆದರೆ ಮಂಗಳೂರು ಕುಡಿಯುವುದು ಆ ಅಣೆಕಟ್ಟಿನ ನೀರನ್ನು.