ದಿನಚರಿಯ ವರ್ತಮಾನ: ಕನ್ನಡ ಮನೆಯ ಮಕ್ಕಳೂ ಇಂಗ್ಲಿಷಿನ ಮೊದಲ ವಾಕ್ಯಗಳೂ

೧

ಪರಭಾಷೆಯನ್ನು ಕಲಿಯತೊಡಗಿದವನು ಮೊಟ್ಟಮೊದಲು ಹೇಳಬಯಸುವುದು ತನ್ನ ವಿಷಯವನ್ನೇ. ತಾನು ಯಾರು, ತನ್ನ ಮನೆಯಲ್ಲಿ ಯಾರಿರುವರು, ಬೆಳಗಿನಿಂದ ರಾತ್ರಿಯವರೆಗೆ ತಾನು ಮಾಡುವುದೇನು ಎಂಬಿಷ್ಟನ್ನು ಹೇಳಬಲ್ಲವನು ಆ ಭಾಷೆಯಲ್ಲಿ ಒಂದು ಆಸರೆಯನ್ನು ಪಡೆದನೆಂದೇ ತಿಳಿಯಬೇಕು. ಆದುದರಿಂದಲೇ ಇಂಗ್ಲಿಷಿನ ಮೊದಲ ಪುಸ್ತಕಗಳಲ್ಲೆಲ್ಲ ದಿನಚರಿಯ ಪಾಠವೊಂದು ತಪ್ಪದೆ ಬರುತ್ತದೆ. ಆ ಪಾಠಕ್ಕೆ ಬೇಕಾದ ಕ್ರಿಯಾರೂಪವು ಇಂಗ್ಲಿಷ್ ವ್ಯಾಕರಣದಲ್ಲಿ ಅತ್ಯಂತ ಸರಳವೆಂದು ಹೆಸರಾದ ಸಾಮಾನ್ಯ ವರ್ತಮಾನವು. ಹಾಗಿದ್ದರೂ ಬಹುಕಾಲ ಇಂಗ್ಲಿಷ್ ಓದಿದವರ ಮಾತಿನಲ್ಲಿ ಕೂಡ ಕೊನೆಯವರೆಗೆ ತಪ್ಪುಗಳು ಉಳಿದುಕೊಳ್ಳುವುದು ಈ ‘ಸರಳ’ ರೂಪದಲ್ಲಿಯೇ. ಇದರ ಕಾರಣವನ್ನು ಮಗುವಿನ ಅಲಕ್ಷ್ಯದಲ್ಲಿ ಹುಡುಕುವುದು ವಾಡಿಕೆ. ಅದನ್ನು ಕನ್ನಡದ ಕ್ರಿಯಾಪದದಲ್ಲಿ ಹುಡುಕಿದರೆ ಹೆಚ್ಚು ಫಲವುಂಟು.

ಪುಣೆಯ ಕನ್ನಡಿಗರಿಗೆ ಈ ವಿಚಾರವು ಎರಡು ವಿಧದಿಂದ ಹತ್ತಿರದ್ದಾಗಿದೆ. ಇಲ್ಲಿಯ ಕನ್ನಡ ಮನೆಯ ಮಗುವು ಮನೆಯಲ್ಲಿ ಧಾರವಾಡ, ವಿಜಯಪುರ ಅಥವಾ ಕಲಬುರಗಿಯ ಕಡೆಯ ಕನ್ನಡವನ್ನೂ, ಓಣಿಯಲ್ಲಿ ಮರಾಠಿಯನ್ನೂ ಆಡುತ್ತ ಶಾಲೆಯಲ್ಲಿ ಇಂಗ್ಲಿಷನ್ನು ಎದುರಿಸುತ್ತದೆ. ಕಚೇರಿ, ಕಾಲೇಜು, ಕಾರಖಾನೆಗಳಿಗಾಗಿ ಬಂದು ನೆಲೆಸಿದ ಮನೆತನಗಳ ಮಕ್ಕಳಿಗೆ ಈ ಮಾತು ಹೇಗೋ ಹಾಗೆಯೇ ಯಾದಗಿರಿ, ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಕಾರರ ಮಕ್ಕಳಿಗೂ ಅನ್ವಯಿಸುತ್ತದೆ. ಎರಡನೆಯದಾಗಿ, ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವು, ಎಂದರೆ ಎಲ್ಲರೂ ಬಲ್ಲ ‘ಬಾಲಭಾರತಿ’ಯು, ಮರಾಠಿಯೊಡನೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಹೊರತರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳ ಮಕ್ಕಳ ಕೈಸೇರುವ ಪುಸ್ತಕಗಳು ಈ ಊರಿನಲ್ಲಿ ಸಿದ್ಧವಾಗುತ್ತವೆ. ಸ್ವಾತಂತ್ರ್ಯದ ನಂತರ ಕೆಲಕಾಲ ಮುಂಬಯಿ ರಾಜ್ಯದಲ್ಲಿ ಇಂಗ್ಲಿಷನ್ನು ಎಂಟನೆಯ ಇಯತ್ತೆಯಿಂದ ಕಲಿಸುವ ಪದ್ಧತಿಯಿತ್ತು. ಮಹಾರಾಷ್ಟ್ರವು ೨೦೦೦ದಲ್ಲಿ ಅದನ್ನು ಮೊದಲನೆಯ ಇಯತ್ತೆಗೇ ತಂದಿತು. ಹದಿಮೂರು ವರ್ಷದ ಹುಡುಗನಿಗೆ ವ್ಯಾಕರಣದ ಸೂತ್ರವನ್ನು ಹೇಳಿ ಕಲಿಸಬಹುದಾಗಿತ್ತು. ಆರು ವರ್ಷದ ಮಗುವಿಗೆ ಅದು ಸಲ್ಲದು. ಸೂತ್ರವನ್ನು ತಿಳಿದಿರಬೇಕಾದವನು ಈಗ ಅಧ್ಯಾಪಕನು.

೨

ಕನ್ನಡದಲ್ಲಿ ‘ಏಳುತ್ತೇನೆ’ ಎಂಬ ಒಂದೇ ರೂಪವು ಎರಡು ಕೆಲಸಗಳನ್ನು ಮಾಡುತ್ತದೆ. ‘ದಿನಾಲೂ ಆರು ಗಂಟೆಗೆ ಏಳುತ್ತೇನೆ’ ಎಂದಾಗ ಅದು ರೂಢಿಯನ್ನು ಹೇಳುವುದು. ‘ನಾಳೆ ಐದು ಗಂಟೆಗೆ ಏಳುತ್ತೇನೆ’ ಎಂದಾಗ ಭವಿಷ್ಯತ್ತನ್ನು ಹೇಳುವುದು. ಈ ಕ್ಷಣದಲ್ಲಿ ನಡೆದಿರುವ ಕ್ರಿಯೆಗೆ ‘ಏಳುತ್ತಿದ್ದೇನೆ’ ಎಂಬ ಬೇರೆ ರೂಪವಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಭೂತಕ್ಕೆ ದಕಾರ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವಕಾರ ಎಂದು ಕಾಲಪ್ರತ್ಯಯಗಳನ್ನು ವಿಂಗಡಿಸಿದನು. ಆದರೆ ವಕಾರದ ರೂಪವು ಭವಿಷ್ಯತ್ತಿಗೆ ಮಾತ್ರ ಮೀಸಲಾಗಿ ನಿಲ್ಲಲಿಲ್ಲ. ‘ಸೂರ್ಯನು ಪೂರ್ವದಲ್ಲಿ ಹುಟ್ಟುವನು’ ಎಂಬ ಮಾತಿನಲ್ಲಿ ನಾಳಿನ ಸೂಚನೆಯಿಲ್ಲ, ನಿತ್ಯದ ನಿಯಮವಿದೆ. ರೂಢಿಯನ್ನೂ ಮುಂದಾಗುವುದನ್ನೂ ಒಂದೇ ರೂಪದಲ್ಲಿ ಹೇಳುವುದು ಕನ್ನಡಕ್ಕೆ ಹಳೆಯ ಅಭ್ಯಾಸವೆಂದಾಯಿತು. ಎಂದೂ ನಡೆಯುವುದು ನಾಳೆಯೂ ನಡೆಯುವುದಷ್ಟೆ.

ಇಂಗ್ಲಿಷು ಈ ಎರಡನ್ನು ಬೇರ್ಪಡಿಸುತ್ತದೆ. ‘ಐ ಗೆಟ್ ಅಪ್ ಅಟ್ ಸಿಕ್ಸ್’ ಎಂಬುದು ರೂಢಿ. ‘ಐ ವಿಲ್ ಗೆಟ್ ಅಪ್’ ಎಂಬುದು ನಾಳಿನ ಮಾತು. ಕನ್ನಡದ ಮಗು ‘ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್’ ಎಂದರೆ ಅದು ‘ಏಳುತ್ತೇನೆ’ಯ ಎರಡು ಅರ್ಥಗಳಲ್ಲಿ ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟಿತೇ ಹೊರತು ಏನನ್ನೂ ಮರೆತಿಲ್ಲ. ಇಲ್ಲಿ ಪುಣೆಯ ಮಗುವಿಗೆ ಮರಾಠಿಯು ನೆರವಾಗಬಲ್ಲುದು. ಮರಾಠಿಯಲ್ಲಿ ರೂಢಿಗೆ ‘ಮೀ ಉಠತೋ’ ಎಂದೂ ಭವಿಷ್ಯತ್ತಿಗೆ ‘ಮೀ ಉಠೇನ್’ ಎಂದೂ ಎರಡು ರೂಪಗಳುಂಟು. ಓಣಿಯ ಆಟದಲ್ಲಿ ಇವೆರಡನ್ನೂ ಬಳಸುವ ಕನ್ನಡದ ಹುಡುಗನು ಇಂಗ್ಲಿಷಿನ ಈ ಭೇದವನ್ನು ಆಗಲೇ ಬಲ್ಲನು. ಅಧ್ಯಾಪಕನು ಅದನ್ನು ಎತ್ತಿ ತೋರಿಸಿದರೆ ಸಾಕು.

ಇನ್ನು ಪುರುಷಪ್ರತ್ಯಯಗಳ ವಿಷಯ. ಏಳುತ್ತೇನೆ, ಏಳುತ್ತೀ, ಏಳುತ್ತಾನೆ, ಏಳುತ್ತಾಳೆ, ಏಳುತ್ತದೆ, ಏಳುತ್ತೇವೆ ಎಂದು ಕನ್ನಡದ ಕ್ರಿಯಾಪದವು ಕರ್ತೃವನ್ನು ತನ್ನ ಬೆನ್ನಿಗೇ ಕಟ್ಟಿಕೊಂಡು ಬರುತ್ತದೆ. ಪ್ರಾಚೀನ ಇಂಗ್ಲಿಷಿನಲ್ಲಿಯೂ ಇಂಥ ಪ್ರತ್ಯಯಗಳಿದ್ದುವು. ಕಾಲಕ್ರಮದಲ್ಲಿ ಅವು ಉದುರಿ, ಅವನು, ಅವಳು, ಅದು ಎಂಬ ಪ್ರಥಮಪುರುಷ ಏಕವಚನದ ಸಕಾರವೊಂದೇ ಉಳಿಯಿತು. ಆರು ಪ್ರತ್ಯಯಗಳನ್ನು ಲೀಲೆಯಿಂದ ಬಳಸುವ ಮಗುವು ಈ ಒಂದನ್ನು ಬಿಡುವುದು ವಿಚಿತ್ರವಾಗಿ ತೋರಬಹುದು. ಆದರೆ ಕನ್ನಡದಲ್ಲಿ ಪ್ರತ್ಯಯವಿಲ್ಲದೆ ಕ್ರಿಯಾಪದವೇ ಪೂರ್ಣವಾಗದು. ಇಂಗ್ಲಿಷಿನಲ್ಲಿ ‘ಮೈ ಮದರ್’ ಎಂದು ಮೊದಲೇ ಹೇಳಿಯಾದ ಮೇಲೆ ಸಕಾರವು ಅರ್ಥಕ್ಕೆ ಏನನ್ನೂ ಕೂಡಿಸುವುದಿಲ್ಲ. ಕೆಲಸವಿಲ್ಲದ ಅಕ್ಷರವು ನಾಲಗೆಯಿಂದ ಬಿದ್ದುಹೋಗುತ್ತದೆ. ಇದಕ್ಕೆ ಉಚ್ಚಾರಣೆಯ ತೊಡಕೂ ಸೇರಿದೆ. ಬಸ್ಸು, ಕಾರು ಎಂದು ಪದಾಂತದಲ್ಲಿ ಸ್ವರವನ್ನು ಕೂಡಿಸುವ ಕನ್ನಡದ ನಾಲಗೆಗೆ ‘ಗೆಟ್ಸ್’, ‘ವರ್ಕ್ಸ್’ ಎಂಬ ವ್ಯಂಜನಗಳ ಗಂಟು ಸುಲಭವಲ್ಲ. ಇದಲ್ಲದೆ ಆ ಸಕಾರವು ‘ಗೆಟ್ಸ್’ ಎಂಬಲ್ಲಿ ಒಂದು ಬಗೆ, ‘ಗೋಜ಼್’ ಎಂಬಲ್ಲಿ ಇನ್ನೊಂದು ಬಗೆ, ‘ವಾಷಿಜ಼್’ ಎಂಬಲ್ಲಿ ಮತ್ತೊಂದು ಬಗೆಯಾಗಿ ಕೇಳಿಸುತ್ತದೆ. ಕಿವಿಗೆ ಮೂರಾಗಿರುವುದನ್ನು ಫಲಕದ ಮೇಲೆ ಒಂದೇ ಅಕ್ಷರವಾಗಿ ಬರೆದು ತೋರಿಸಿದರೆ ಸಾಲದು.

೩

ದಿನಚರಿಯ ಪಾಠಕ್ಕೇ ವಿಶೇಷವಾದ ತೊಡಕು ಬೇರೊಂದಿದೆ. ಅದರ ಕಡೆಗೆ ಗಮನ ಹರಿದುದು ಕಡಿಮೆ. ಕನ್ನಡದಲ್ಲಿ ದಿನಚರಿಯನ್ನು ಹೇಳುವ ಸಹಜವಾದ ರೀತಿಯೆಂದರೆ ‘ಎದ್ದು, ಮುಖ ತೊಳೆದು, ಚಹಾ ಕುಡಿದು, ಶಾಲೆಗೆ ಹೋಗುತ್ತೇನೆ’ ಎಂಬುದು. ಇಲ್ಲಿ ಸಮಾಪಕ ಕ್ರಿಯೆ ಒಂದೇ; ಉಳಿದವೆಲ್ಲ ಕೃದಂತಾವ್ಯಯಗಳು. ಕಾಲವೂ ಪುರುಷವೂ ಕೊನೆಯ ಪದದಲ್ಲಿ ಮಾತ್ರ ತೋರುತ್ತವೆ. ಮರಾಠಿಯ ‘ಉಠೂನ್’, ‘ಧುವೂನ್’ ಎಂಬ ರೂಪಗಳೂ ಇದೇ ಜಾತಿಯವು. ಈ ಸಂದರ್ಭದಲ್ಲಿ ಮಗುವಿಗೆ ಎರಡು ಭಾಷೆಗಳೂ ಒಂದೇ ದಾರಿಯನ್ನು ತೋರಿಸುತ್ತವೆ, ಇಂಗ್ಲಿಷು ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ‘ಐ ಗೆಟ್ ಅಪ್, ವಾಷ್ ಮೈ ಫೇಸ್, ಡ್ರಿಂಕ್ ಟೀ ಅಂಡ್ ಗೋ ಟು ಸ್ಕೂಲ್’ ಎಂದು ಪ್ರತಿಯೊಂದು ಕ್ರಿಯೆಯೂ ಸಮಾಪಕವಾಗಿಯೇ ನಿಲ್ಲಬೇಕು.

ಎದ್ದು, ತೊಳೆದು, ಕುಡಿದು ಎಂಬುವು ಭೂತಕಾಲದ ಧಾತುರೂಪದಿಂದ ಹುಟ್ಟಿದುವು. ಎದ್ದನು, ತೊಳೆದನು, ಕುಡಿದನು ಎಂಬುವಕ್ಕೂ ಇವಕ್ಕೂ ಇರುವ ನಂಟು ಮಗುವಿಗೂ ಕಾಣುತ್ತದೆ. ಆದುದರಿಂದ ‘ಐ ಗಾಟ್ ಅಪ್, ವಾಷ್ಡ್ ಮೈ ಫೇಸ್, ಗೋ ಟು ಸ್ಕೂಲ್’ ಎಂಬ ವಾಕ್ಯವು ಹುಟ್ಟುತ್ತದೆ. ಕಾಲಗಳ ಗೊಂದಲವೆಂದು ಇದರ ಕೆಳಗೆ ಕೆಂಪು ಗೆರೆ ಎಳೆಯುವ ಅಧ್ಯಾಪಕನು ಮಗುವಿನ ತರ್ಕವನ್ನು ಕಾಣಲಿಲ್ಲವೆಂದೇ ಹೇಳಬೇಕು. ಕನ್ನಡದ ಒಂದು ಸರಪಳಿಯನ್ನು ಬಿಚ್ಚಿ ‘ಏಳುತ್ತೇನೆ. ತೊಳೆಯುತ್ತೇನೆ. ಕುಡಿಯುತ್ತೇನೆ. ಹೋಗುತ್ತೇನೆ’ ಎಂದು ಮೊದಲು ಕನ್ನಡದಲ್ಲಿಯೇ ಬಿಡಿವಾಕ್ಯಗಳನ್ನು ಮಾಡಿಸಿ, ಆಮೇಲೆ ಇಂಗ್ಲಿಷಿಗೆ ಬಂದರೆ ಈ ತಪ್ಪು ಬಹುಮಟ್ಟಿಗೆ ನಿಲ್ಲುವುದು.

ನಿಷೇಧದಲ್ಲಿಯೂ ಪ್ರಶ್ನೆಯಲ್ಲಿಯೂ ಇಂಥ ಕಾರಣಗಳೇ ಇವೆ. ಕನ್ನಡದಲ್ಲಿ ‘ಹೋಗುವುದಿಲ್ಲ’ ಎಂಬುದು, ಉತ್ತರ ಕರ್ನಾಟಕದ ಮಾತಿನಲ್ಲಿ ‘ಹೋಗಂಗಿಲ್ಲ’ ಎಂಬುದು, ನಾನು, ನೀನು, ಅವಳು ಎಲ್ಲರಿಗೂ ಒಂದೇ. ವಿಧಿರೂಪದಲ್ಲಿ ಪುರುಷವನ್ನು ಬಿಡದೆ ಹೇಳುವ ಭಾಷೆಯು ನಿಷೇಧದಲ್ಲಿ ಅದನ್ನು ಬಿಡುತ್ತದೆ. ಇಂಗ್ಲಿಷಿನಲ್ಲಿ ನಿಷೇಧಕ್ಕೆ ‘ಡು’ ಎಂಬ ಸಹಾಯಕ ಕ್ರಿಯೆ ಬೇಕು; ಸಕಾರವು ಮುಖ್ಯ ಕ್ರಿಯೆಯನ್ನು ಬಿಟ್ಟು ಅದಕ್ಕೆ ಹತ್ತುತ್ತದೆ. ‘ಶಿ ಡಸ್ ನಾಟ್ ಗೋಜ಼್’ ಎಂಬ ತಪ್ಪಿನಲ್ಲಿ ಮಗು ಸಕಾರವನ್ನು ಕಲಿತಿದೆ, ಆದರೆ ಅದರ ಸ್ಥಾನಾಂತರವನ್ನು ಕಲಿತಿಲ್ಲ. ಆದುದರಿಂದ ಇದು ‘ಶಿ ನಾಟ್ ಗೋ’ ಎಂಬುದಕ್ಕಿಂತ ಮುಂದಿನ ಮೆಟ್ಟಿಲಿನ ತಪ್ಪು. ಎರಡಕ್ಕೂ ಸಮನಾಗಿ ಅಂಕಗಳನ್ನು ಕಳೆಯುವುದು ನ್ಯಾಯವಲ್ಲ. ಪ್ರಶ್ನೆಗೆ ಕನ್ನಡವು ‘ಏಳುತ್ತೀಯಾ?’ ಎಂದು ಕೊನೆಯ ಸ್ವರವನ್ನು ದೀರ್ಘಮಾಡಿದರೆ ಸಾಕಾಗುವಲ್ಲಿ ಇಂಗ್ಲಿಷು ‘ಡು’ ಎಂಬುದನ್ನು ವಾಕ್ಯದ ತಲೆಗೆ ತರುತ್ತದೆ. ‘ಯು ಗೆಟ್ ಅಪ್ ಅಟ್ ಸಿಕ್ಸ್?’ ಎಂದು ದನಿಯೇರಿಸಿ ಕೇಳುವ ಮಗುವು ತನ್ನ ಭಾಷೆಯ ನಿಯಮವನ್ನೇ ಪಾಲಿಸಿದೆ.

೪

ತಪ್ಪಿನ ಹೊಣೆಯೆಲ್ಲವನ್ನೂ ಮಾತೃಭಾಷೆಯ ಮೇಲೆ ಹೊರಿಸುವುದೂ ಸರಿಯಲ್ಲ. ಬೋಧನ ಪದ್ಧತಿಗೂ ಅದರಲ್ಲಿ ಪಾಲುಂಟು. ೧೯೫೦ರ ದಶಕದಲ್ಲಿ ಭಾರತದಲ್ಲಿ ಹಬ್ಬಿದ ರಚನಾತ್ಮಕ ಪದ್ಧತಿಯು ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ, ಕಣ್ಣಿಗೆ ಕಾಣುವ ಸಂದರ್ಭದೊಡನೆ ಕಲಿಸಬೇಕೆಂದಿತು. ಹೆರಾಲ್ಡ್ ಪಾಮರ್, ಹಾರ್ನ್‌ಬಿ ಮೊದಲಾದವರ ಕೆಲಸವು ಅದರ ಹಿಂದಿತ್ತು. ೧೯೫೮ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಬೋಧನೆಗಾಗಿ ಕೇಂದ್ರ ಸಂಸ್ಥೆಯು ಹುಟ್ಟಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿ. ಕೃ. ಗೋಕಾಕರು ಮುಂದೆ ಆ ಸಂಸ್ಥೆಯ ನಿರ್ದೇಶಕರಾದರೆಂಬುದು ಇಲ್ಲಿಯ ಕನ್ನಡಿಗರು ನೆನೆಯತಕ್ಕ ಸಂಗತಿ.

ಈ ಪದ್ಧತಿಯಿಂದ ಆದ ಉಪಕಾರವು ದೊಡ್ಡದು. ಆದರೆ ವರ್ಗದಲ್ಲಿ ಮಾಡಿ ತೋರಿಸಲು ಸುಲಭವಾದುದು ‘ಐ ಆಮ್ ಓಪನಿಂಗ್ ದ ಡೋರ್’ ಎಂಬ ನಡೆಯುತ್ತಿರುವ ಕ್ರಿಯೆ. ರೂಢಿಯನ್ನು ಹಾಗೆ ಮಾಡಿ ತೋರಿಸಲು ಬಾರದು. ಬೆಳಗಿನ ಆರು ಗಂಟೆಯನ್ನು ಮಧ್ಯಾಹ್ನದ ವರ್ಗಕ್ಕೆ ತರುವುದು ಹೇಗೆ? ಆದುದರಿಂದ ಸಾತತ್ಯದ ರೂಪವು ಮೊದಲು ಬಂದು ನಾಲಗೆಯಲ್ಲಿ ಬೇರೂರಿತು, ರೂಢಿಯ ರೂಪವು ಹಿಂದೆ ಬಿತ್ತು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಆಮ್ ಗೆಟಿಂಗ್ ಅಪ್ ಡೈಲಿ’ ಎಂಬಂಥ ಭಾರತೀಯ ಪ್ರಯೋಗಗಳಿಗೆ ಇದೂ ಒಂದು ಪೋಷಕ ಕಾರಣವಾಗಿರಬಹುದು.

ಮುಂದೆ ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿ, ‘ಬೆಂಗಳೂರು ಯೋಜನೆ’ಯೆಂದು ಹೊರದೇಶಗಳಲ್ಲಿಯೂ ಹೆಸರಾದ ಪ್ರಯೋಗವು ಬೇರೊಂದು ತತ್ತ್ವವನ್ನು ಮುಂದಿಟ್ಟಿತು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣವು ತಾನಾಗಿ ಮೈಗೂಡುವುದೆಂಬುದು ಅದರ ಸಾರ. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು, ಬಿಡಿಸಬೇಕಾದ ಲೆಕ್ಕದಂಥ ಕೆಲಸವನ್ನು ಅಲ್ಲಿ ಕೊಡುತ್ತಿದ್ದರು. ದಿನಚರಿಯ ಪಾಠಕ್ಕೆ ಈ ಎರಡು ಪದ್ಧತಿಗಳ ಗುಣಗಳೂ ಬೇಕು.

೫

ಕಾರ್ಯದ ಕ್ರಮವನ್ನು ಹೀಗೆ ಇಟ್ಟುಕೊಳ್ಳಬಹುದು. ಮೊದಲು ಮಗು ತನ್ನ ದಿನದ ಐದಾರು ಕ್ರಿಯೆಗಳನ್ನು ಕನ್ನಡದಲ್ಲಿ ಹೇಳಲಿ, ಬಿಡಿಸಲಿ, ‘ಐ’ ಎಂಬ ಕರ್ತೃವಿನೊಡನೆ ಇಂಗ್ಲಿಷಿನಲ್ಲಿ ಹೇಳಲಿ. ಆಮೇಲೆ ಪಕ್ಕದವನ ದಿನಚರಿಯನ್ನು ಕೇಳಿಕೊಂಡು ವರ್ಗಕ್ಕೆ ತಿಳಿಸಲಿ. ಆಗ ಪ್ರಶ್ನೆಯ ‘ಡು’ ಕೇಳುವಾಗಲೂ ಪ್ರಥಮಪುರುಷದ ಸಕಾರವು ತಿಳಿಸುವಾಗಲೂ ಅಗತ್ಯದಿಂದಲೇ ಬರುತ್ತವೆ. ಮೂರನೆಯದಾಗಿ, ಇಬ್ಬರ ದಿನಗಳಲ್ಲಿರುವ ಭೇದವನ್ನು ಹೇಳುವಾಗ ನಿಷೇಧವು ತಾನಾಗಿ ಹುಟ್ಟುತ್ತದೆ. ಕೊನೆಗೆ, ದಿನಾಲೂ ಮಾಡುವುದನ್ನು ಈಗ ಮಾಡುತ್ತಿರುವುದರ ಪಕ್ಕದಲ್ಲಿರಿಸಿದರೆ ಸಾತತ್ಯದ ರೂಪವು ತನ್ನ ಮೇರೆಯಲ್ಲಿ ನಿಲ್ಲುವುದು. ಕಾಲಸೂಚಕಗಳನ್ನು ಜೊತೆಜೊತೆಗೆ ಕಲಿಸಬೇಕು. ‘ಆರು ಗಂಟೆಗೆ’, ‘ಬೆಳಿಗ್ಗೆ’, ‘ಸೋಮವಾರ’ ಎಂದು ಕನ್ನಡವು ಒಂದು ವಿಭಕ್ತಿಯಿಂದಲೋ ಅದೂ ಇಲ್ಲದೆಯೋ ಹೇಳುವುದನ್ನು ಇಂಗ್ಲಿಷು ‘ಅಟ್’, ‘ಇನ್’, ‘ಆನ್’ ಎಂದು ಮೂರಾಗಿ ಒಡೆಯುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ಹೇಳಬೇಕಾದ ದಿನವು ಯಾರದು ಎಂಬುದು. ವಾಚನಮಾಲೆಗಳ ಮಗು ಹಾಸಿಗೆಯಿಂದೆದ್ದು, ಹಲ್ಲುಜ್ಜಿ, ಮೇಜಿನ ಮುಂದೆ ಕುಳಿತು ತಿಂಡಿ ತಿಂದು, ತಂದೆಯು ಕಚೇರಿಗೆ ಹೋಗುವುದನ್ನು ನೋಡುತ್ತದೆ. ಭೋಸರಿಯ ಕಾರಖಾನೆಯಲ್ಲಿ ರಾತ್ರಿಯ ಪಾಳಿ ಮಾಡುವವನ ಮಗಳಿಗೆ ತಂದೆಯು ಬೆಳಿಗ್ಗೆ ಮಲಗುವವನು. ಕಟ್ಟಡದ ಜಾಗದಲ್ಲಿಯೇ ತಗಡಿನ ಮನೆ ಮಾಡಿಕೊಂಡವರ ಹುಡುಗನಿಗೆ ದಿನವು ನೀರಿನ ಕೊಡದಿಂದ ಮೊದಲಾಗುತ್ತದೆ. ಅವ್ವನು ರೊಟ್ಟಿ ಬಡಿದಿಟ್ಟು ಕೆಲಸಕ್ಕೆ ಹೋದರೆ ತಂಗಿಯನ್ನು ನೋಡಿಕೊಳ್ಳುವವನು ಅವನೇ. ಇವರಿಂದ ಪುಸ್ತಕದ ದಿನಚರಿಯನ್ನೇ ಹೇಳಿಸಿದರೆ ವ್ಯಾಕರಣವು ಶುದ್ಧವಾಗಬಹುದು, ಮಾತು ಸುಳ್ಳಾಗುತ್ತದೆ. ತನ್ನ ಮನೆಯು ಇಂಗ್ಲಿಷಿನಲ್ಲಿ ಹೇಳತಕ್ಕುದಲ್ಲ ಎಂಬ ಇನ್ನೊಂದು ಪಾಠವನ್ನು ಮಗುವು ಅದರೊಡನೆ ಕಲಿಯುತ್ತದೆ, ಮತ್ತು ಆ ಪಾಠವು ಬೇಗನೆ ಮರೆಯುವಂಥದಲ್ಲ.

‘ಮೈ ಫಾದರ್ ವರ್ಕ್ಸ್ ಅಟ್ ನೈಟ್’, ‘ಮೈ ಮದರ್ ಮೇಕ್ಸ್ ರೊಟ್ಟಿ’, ‘ಮೈ ಗ್ರಾಂಡ್‌ಮದರ್ ಲಿವ್ಸ್ ಇನ್ ಜೇವರ್ಗಿ’ ಎಂಬ ವಾಕ್ಯಗಳಲ್ಲಿ ಸಕಾರವು ಸರಿಯಾಗಿದೆ, ಸಂಗತಿಯೂ ಸತ್ಯವಾಗಿದೆ. ರೊಟ್ಟಿಗೆ ಇಂಗ್ಲಿಷ್ ಹೆಸರನ್ನು ಹುಡುಕುವ ಶ್ರಮವೂ ಬೇಡ. ಊರಿನಲ್ಲಿರುವ ಅಜ್ಜಿಯ ದಿನಚರಿಯನ್ನು ಹೇಳಿಸುವುದು ಪ್ರಥಮಪುರುಷದ ಅಭ್ಯಾಸಕ್ಕೆ ಉತ್ತಮ ಸಾಧನ. ಅದಕ್ಕಾಗಿ ಮಗುವು ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡಿ ತಿಳಿದುಕೊಳ್ಳಬೇಕಾಗುವುದೆಂಬುದು ಹೆಚ್ಚಿನ ಲಾಭ.

ಮಕ್ಕಳ ಇಂಗ್ಲಿಷ್ ಸುಧಾರಿಸಬೇಕಾದರೆ ಮನೆಯಲ್ಲಿ ಕನ್ನಡವನ್ನು ಬಿಡಬೇಕೆಂಬ ಭಾವನೆಯು ಹೊರನಾಡಿನ ಅನೇಕ ಮನೆಗಳಲ್ಲಿ ಬೇರುಬಿಟ್ಟಿದೆ. ದಿನಚರಿಯ ಈ ಚಿಕ್ಕ ಪಾಠವು ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುತ್ತದೆ. ತಪ್ಪು ಎಲ್ಲಿಂದ ಬಂದಿತೆಂಬುದನ್ನು ತೋರಿಸುವುದೂ ಅದನ್ನು ತಿದ್ದಲು ಸಾಧನವಾಗುವುದೂ ಕನ್ನಡವೇ. ‘ಏಳುತ್ತೇನೆ’ಯ ಎರಡು ಅರ್ಥಗಳನ್ನೂ ‘ಎದ್ದು’ ಎಂಬುದರ ಸ್ವಭಾವವನ್ನೂ ಬಲ್ಲ ಅಧ್ಯಾಪಕನಿಗೆ ಕನ್ನಡ ಮಗುವಿನ ಇಂಗ್ಲಿಷು ತಪ್ಪುಗಳ ರಾಶಿಯಾಗಿ ತೋರದು. ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ಹೊರಟವನು ನಡುದಾರಿಯಲ್ಲಿ ಎಲ್ಲಿದ್ದಾನೆಂಬುದು ಅವನಿಗೆ ತಿಳಿಯುವುದು; ಅಲ್ಲಿಂದ ಮುಂದಕ್ಕೆ ಕರೆದೊಯ್ಯುವುದೂ ಅವನಿಗೆ ಸಾಧ್ಯವಾಗುವುದು.