ಮುಟ್ಟು, ಈಸು ಮತ್ತು ಒಂಚೂರು ಫ್ಲೂಯಿಡ್ ಮೆಕ್ಯಾನಿಕ್ಸ್

ಪೀರಿಯಡ್ಸ್ ಇದ್ದಾಗ ಈಜಬಹುದಾ? ಈಜಬಹುದು. ನೀರಿಗೆ ಇಳಿದರೆ ಗರ್ಭಕೋಶಕ್ಕೆ ಥಂಡಿ ಹಿಡಿಯಲ್ಲ, ರಕ್ತ ಒಳಗೇ ಹೆಪ್ಪುಗಟ್ಟಿ ನಿಲ್ಲಲ್ಲ, ನೀರೂ ಕೆಡಲ್ಲ. ಹಗುರಾಗಿ ಈಜಿದರೆ ಕೆಲವರಿಗೆ ಹೊಟ್ಟೆನೋವು ಕಡಿಮೆ ಆಗೋದೂ ಉಂಟು. ಉತ್ತರ ಇಷ್ಟೇ ಆಗಿದ್ದರೆ ಈ ಲೇಖನ ಬೇಕಿರಲಿಲ್ಲ. ಆದರೆ "ಹೇಗೆ" ಅನ್ನೋದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಹುಡುಗರೂ ಓದಿ, ನಿಮ್ಮ ಮನೆಯಲ್ಲೂ ಅಕ್ಕ ತಂಗಿಯರಿದ್ದಾರೆ.

ನಾವು ಸಗರನಾಡಿನ ಹುಡುಗಿಯರು. ಯಾದಗಿರಿ, ಶಹಾಪುರ, ಸುರಪುರ ಸೀಮೆ ಅಂದ್ರೆ ಬರೀ ಬಿಸಿಲು ಅಂದುಕೊಳ್ಳುವವರೇ ಜಾಸ್ತಿ. ಆದರೆ ನಮ್ಮಲ್ಲಿ ಕೃಷ್ಣೆ ಇದ್ದಾಳೆ, ಭೀಮೆ ಇದ್ದಾಳೆ, ನಾರಾಯಣಪುರದ ಬಸವಸಾಗರ ಡ್ಯಾಮಿನಿಂದ ಬರುವ ಎಡದಂಡೆ ಕಾಲುವೆ ಇದೆ, ಹೊಲಗಳಲ್ಲಿ ಬಾವಿಗಳಿವೆ. ಬೇಸಿಗೆ ರಜೆಯಲ್ಲಿ ಬೆನ್ನಿಗೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿಕೊಂಡು ಬಾವಿಗೆ ಜಿಗಿದು ಈಸು ಕಲಿಯೋದು ಅಲ್ಲಿ ಮಾಮೂಲಿ. ಹತ್ತು ವರ್ಷದ ತನಕ ಹುಡುಗಿಯರೂ ಜಿಗಿಯುತ್ತಾರೆ. ಆಮೇಲೆ ಒಂದು ದಿನ "ದೊಡ್ಡಾಕಿ ಆಗಿದಿ, ಇನ್ನ ಬಾವಿಗಿ ಹೋಗಬ್ಯಾಡ" ಅನ್ನುವ ಆರ್ಡರ್ ಬರುತ್ತೆ. ಐದು ದಿನಕ್ಕೆ ಅಂತ ಶುರುವಾದ ರಜೆ ಪೂರ್ತಿ ಜೀವನಕ್ಕೆ ಆಗಿಬಿಡುತ್ತೆ. ಆದರೆ ಕಾಲುವೆ ದಂಡೆಗೆ ಬಟ್ಟೆ ಒಗೆಯೋಕೆ ಹೋಗುವುದು ಮಾತ್ರ ನಿಲ್ಲಲ್ಲ. ಪಾಚಿ ಕಟ್ಟಿದ ಇಳಿಜಾರು ಕಾಂಕ್ರೀಟ್ ಮೇಲೆ ಕಾಲು ಜಾರಿದರೆ ಈಸು ಬಾರದವಳ ಗತಿ ಏನು? ನಮಗೆ ಈ ವಿಷಯ ಬರೀ ಸ್ಪೋರ್ಟ್ಸ್ ವಿಷಯ ಅಲ್ಲದಿರುವುದು ಅದಕ್ಕೇ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. 80 ದಾಟಿದರೆ ಡಾಕ್ಟರುಗಳು ಅದನ್ನು ಹೆಚ್ಚು ಅಂತಾರೆ. 40 ಅಂದ್ರೆ ಕಟಿಂಗ್ ಚಹಾದ ಗ್ಲಾಸೂ ತುಂಬಲ್ಲ. ಅದು ಐದು ದಿನಕ್ಕೆ ಹಂಚಿಕೆಯಾದರೆ ಸರಾಸರಿ ಗಂಟೆಗೆ 0.33 ಮಿಲಿಲೀಟರ್. ಈಗ 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಪೂಲ್ ತಗೊಳ್ಳಿ. ಅದರಲ್ಲಿರುವ ನೀರು 3,75,000 ಲೀಟರ್. ಏನೂ ಹಾಕಿಕೊಳ್ಳದೇ ಒಂದು ಗಂಟೆ ಈಜಿದರೂ ಬೆರೆಯುವುದು ಸುಮಾರು 100 ಕೋಟಿಗೆ ಒಂದು ಪಾಲು. ಜಾಸ್ತಿ ಹೋಗುವ ದಿನ ಅಂತ ನಾಲ್ಕು ಪಟ್ಟು ಹಿಡಿದರೂ ವ್ಯತ್ಯಾಸ ಗೊತ್ತಾಗಲ್ಲ. ಅದೇ ಪೂಲ್‌ನಲ್ಲಿ ಬೆವರು, ಮೂತ್ರ ಎಷ್ಟಿರುತ್ತೆ ಅನ್ನೋ ಲೆಕ್ಕವನ್ನು ನಾವು ಬೇಕಂತಲೇ ಮಾಡಿಲ್ಲ.

"ನೀರಿಗಿಳಿದರೆ ಪೀರಿಯಡ್ಸ್ ನಿಂತುಹೋಗುತ್ತೆ" ಅನ್ನುವ ಮಾತು ಹಾಸ್ಟೆಲ್‌ನಲ್ಲಿ ಬಹಳ ಓಡಾಡುತ್ತೆ. ಅದು ಅರ್ಧ ಸತ್ಯ. ಗಾಳಿಯಲ್ಲಿ ನಿಂತಾಗ ಗುರುತ್ವ ರಕ್ತವನ್ನು ಕೆಳಗೆ ಎಳೆಯುತ್ತೆ. ನೀರಿನೊಳಗೆ ಹೊರಗಿನಿಂದ ನೀರಿನ ಒತ್ತಡವೂ ಇರುತ್ತೆ, ಮತ್ತು ರಕ್ತದ ಸಾಂದ್ರತೆ ನೀರಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಹಾಗಾಗಿ ಒಳಗಿನ ρgh, ಹೊರಗಿನ ρgh ಹೆಚ್ಚು ಕಡಿಮೆ ಸಮ ಆಗಿ ಹರಿವು ಕಮ್ಮಿ ಕಾಣುತ್ತೆ. ಆದರೆ ಗರ್ಭಕೋಶ ಸಂಕುಚಿಸುವುದನ್ನು ಬಿಟ್ಟಿರಲ್ಲ. ನಕ್ಕರೆ, ಕೆಮ್ಮಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ಸ್ವಲ್ಪ ಹೊರಬರಬಹುದು. ಮೆಟ್ಟಿಲು ಹತ್ತಿ ಹೊರಗೆ ಬಂದ ಕೂಡಲೇ ಗುರುತ್ವ ಮತ್ತೆ ಡ್ಯೂಟಿಗೆ ಹಾಜರ್. ಆದ್ದರಿಂದ ನೀರಿನ ಒತ್ತಡವನ್ನೇ ನಂಬಿ ಕೂರೋದು ಬೇಡ.

ಪ್ಯಾಡ್ ಹಾಕಿಕೊಂಡು ಇಳಿಯೋದಂತೂ ಬೇಡವೇ ಬೇಡ. ಪ್ಯಾಡಿನೊಳಗೆ ಸೋಡಿಯಂ ಪಾಲಿಆಕ್ರಿಲೇಟ್ ಎನ್ನುವ ಪಾಲಿಮರ್ ಇರುತ್ತೆ. ಅದು ತನ್ನ ತೂಕದ ಎಷ್ಟೋ ಪಟ್ಟು ದ್ರವ ಕುಡಿಯುತ್ತೆ, ದ್ರವದಲ್ಲಿ ಉಪ್ಪು ಕಡಿಮೆ ಇದ್ದಷ್ಟೂ ಜಾಸ್ತಿ ಕುಡಿಯುತ್ತೆ. ನೀರಿಗೆ ಇಳಿದ ಪ್ಯಾಡಿಗೆ ರಕ್ತ ಯಾವುದು, ಪೂಲ್ ನೀರು ಯಾವುದು ಅಂತ ಗೊತ್ತಿಲ್ಲ. ಎರಡೇ ನಿಮಿಷದಲ್ಲಿ ದಿಂಬಿನಂತೆ ಉಬ್ಬಿ, ಅಂಟು ಬಿಟ್ಟು, ಜಾಗ ಬದಲಿಸುತ್ತೆ. ಹಳೇ ಸೀರೆಯ ಬಟ್ಟೆಯದೂ ಇದೇ ಕಥೆ. ಸರ್ಕಾರದ ಶುಚಿ ಯೋಜನೆಯಲ್ಲಿ ಶಾಲೆಗೆ ಬರುವ ಪ್ಯಾಡ್ ಕ್ಲಾಸ್‌ರೂಮಿಗೆ ಒಳ್ಳೇದು, ಬಾವಿಗೆ ಅಲ್ಲ.

ಹಾಗಾಗಿ ರಕ್ತವನ್ನು ದೇಹದ ಒಳಗೇ ಹಿಡಿಯುವ ಸಾಧನ ಬೇಕು. ಒಂದು ಟ್ಯಾಂಪೂನ್, ಅಂದರೆ ಒತ್ತಿ ಸುತ್ತಿದ ಹತ್ತಿಯ ಸಣ್ಣ ಉಂಡೆ, ತುದಿಗೆ ದಾರ. ಈಜಿ ಬಂದಮೇಲೆ ದಾರ ಒದ್ದೆಯಾಗಿರುತ್ತೆ, ಕೂಡಲೇ ಬದಲಿಸಿದರೆ ಒಳ್ಳೇದು. ಯಾವ ಕಾರಣಕ್ಕೂ 8 ಗಂಟೆ ಮೀರಿಸಬಾರದು. ತುಂಬ ಅಪರೂಪಕ್ಕೆ ಒಂದು ಬ್ಯಾಕ್ಟೀರಿಯಾದ ವಿಷದಿಂದ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಬರುತ್ತೆ. ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಕಂಡರೆ ಅದನ್ನು ತೆಗೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆ ಇನ್ನೊಂದು ತೊಂದರೆ, ಅದು ಸಿಗೋದೇ ಕಷ್ಟ. ಊರಿನ ಒಂದು ಮೆಡಿಕಲ್ ಶಾಪ್‌ನಲ್ಲಿ ಟ್ಯಾಂಪೂನ್ ಕೇಳಿದ್ದಕ್ಕೆ ಶಾಂಪೂ ಸ್ಯಾಶೆ ಕೊಟ್ಟರು. ಎರಡು ಬೇಕಾ, ನಾಲ್ಕು ಬೇಕಾ ಅಂತ ಬೇರೆ ಕೇಳಿದರು.

ಎರಡನೆಯದು ಮುಟ್ಟಿನ ಕಪ್. ಇದು ಏನೋ ಹೊಸ ಫ್ಯಾಷನ್ ಅನ್ನಿಸಬಹುದು, ಆದರೆ ಅಮೆರಿಕದ ಲಿಯೋನಾ ಚಾಮರ್ಸ್ ಇದಕ್ಕೆ ಪೇಟೆಂಟ್ ಪಡೆದದ್ದು 1930ರ ದಶಕದಲ್ಲೇ. ಈಗಿನದು ಮೆಡಿಕಲ್ ಗ್ರೇಡ್ ಸಿಲಿಕೋನ್‌ನ ಗಂಟೆಯಾಕಾರದ ಬಟ್ಟಲು, ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್ ಹಿಡಿಯುತ್ತೆ. ಮಡಚಿ ಒಳಗೆ ಇಟ್ಟರೆ ತಾನೇ ಬಿಚ್ಚಿಕೊಂಡು ಗೋಡೆಗೆ ಸೀಲ್ ಆಗುತ್ತೆ. ಹೆಚ್ಚಿನ ಕಪ್‌ಗಳನ್ನು 12 ಗಂಟೆಯವರೆಗೂ ಬಿಡಬಹುದು. ನಮ್ಮ ಕಡೆಗೆ ಇದೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ಯಾಕಂದ್ರೆ ಬಾವಿಯ ಹತ್ತಿರ ಬಾತ್‌ರೂಮ್ ಎಲ್ಲಿಂದ ಬರಬೇಕು? ಮನೆಯಲ್ಲೇ ಸೋಪಿನಿಂದ ಕೈ ತೊಳೆದು ಹಾಕಿಕೊಂಡು ಹೋಗಿ, ಈಜಿ ಬಂದು ಮನೆಯಲ್ಲೇ ತೆಗೆಯಬಹುದು. ತೆಗೆಯುವಾಗ ಮಾತ್ರ ಬರೀ ತುದಿ ಹಿಡಿದು ಎಳೀಬೇಡಿ. ಬುಡವನ್ನು ಹಿಸುಕಿ ಸೀಲ್ ಬಿಡಿಸಿ, ಆಮೇಲೆ ನಿಧಾನಕ್ಕೆ. ಪ್ರತಿ ತಿಂಗಳು ಕುದಿಯುವ ನೀರಲ್ಲಿ ಕೆಲವು ನಿಮಿಷ ಹಾಕಿದರೆ ಮುಗೀತು, ವರ್ಷಗಟ್ಟಲೆ ಬರುತ್ತೆ. ಕಾಪರ್ ಟಿ ಹಾಕಿಸಿಕೊಂಡ ಅಕ್ಕಂದಿರು ಮೊದಲು ಡಾಕ್ಟರನ್ನು ಕೇಳಲಿ.

ಮೊದಲ ಸಲಕ್ಕೇ ಸರಿಹೋಗುತ್ತೆ ಅಂತ ನಾವು ಸುಳ್ಳು ಹೇಳಲ್ಲ. ಎರಡು ಮೂರು ತಿಂಗಳು ಪ್ರಾಕ್ಟೀಸ್ ಬೇಕು, ಲ್ಯಾಬ್ ಎಕ್ಸ್‌ಪೆರಿಮೆಂಟ್ ಥರ. ಹಾಗಾಗಿ ಮನೆಯಲ್ಲಿರುವ ದಿನ ಶುರು ಮಾಡಿ, ಪೂಲ್‌ಗೆ ಹೋಗುವ ಬೆಳಿಗ್ಗೆ ಅಲ್ಲ. 2023ರಲ್ಲಿ ನಮ್ಮ ಆರೋಗ್ಯ ಇಲಾಖೆ "ಮೈತ್ರಿ" ಹೆಸರಲ್ಲಿ ಕಾಲೇಜು ಹುಡುಗಿಯರಿಗೆ ಕಪ್ ಹಂಚಲು ಶುರು ಮಾಡಿತು. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ. ಯಾದಗಿರಿಯ ಹೆಸರು ಮೊದಲ ಪಟ್ಟಿಯಲ್ಲಿ ಯಾವಾಗ ಬಂದಿತ್ತು ಹೇಳಿ!

ಮನೆಯಲ್ಲಿ ಏಳುವ ಪ್ರಶ್ನೆ ಬೇರೆ. "ಮದುವಿ ಆಗದ ಹುಡುಗಿ ಇದನ್ನ ಹಾಕ್ಕೊಂಡ್ರ ಹೆಂಗ?" ಕನ್ಯಾಪೊರೆ ಬಾಟಲಿಯ ಸೀಲ್ ಅಲ್ಲ. ಅದು ಹಿಗ್ಗುವ ತೆಳು ಅಂಚು, ಸಾಮಾನ್ಯವಾಗಿ ನಡುವೆ ತೆರೆದೇ ಇರುತ್ತೆ. ಇಲ್ಲದಿದ್ದರೆ ಮುಟ್ಟಿನ ರಕ್ತ ಹೊರಗೆ ಬರುತ್ತಿದ್ದದ್ದಾದರೂ ಹೇಗೆ? ಅದನ್ನು ನೋಡಿ ಯಾರ ಬಗ್ಗೆಯೂ ಏನನ್ನೂ ತೀರ್ಮಾನಿಸೋಕೆ ಆಗಲ್ಲ. ಮೈಲಿಗೆಯ ಮಾತು ಬಂದರೆ, ಜೇಡರ ದಾಸಿಮಯ್ಯನ ಊರು ಮುದನೂರು ನಮ್ಮ ಸುರಪುರ ಸೀಮೆಯಲ್ಲೇ ಇದೆ. ಶರಣರ ಪರಂಪರೆ ಒಪ್ಪದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು. ಅಜ್ಜಿಯ ಜೊತೆ ವಾದಕ್ಕೆ ಸೈನ್ಸ್‌ಗಿಂತ ಈ ಪಾಯಿಂಟ್ ಚೆನ್ನಾಗಿ ವರ್ಕ್ ಆಗುತ್ತೆ, ನಾವು ಟ್ರೈ ಮಾಡಿದ್ದೇವೆ.

2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಫು ಯುವಾನ್‌ಹುಯಿ ಮೆಡ್ಲೆ ರಿಲೇ ಮುಗಿಸಿ, ಟಿವಿ ಕ್ಯಾಮೆರಾ ಮುಂದೆಯೇ ನಿನ್ನೆ ಮುಟ್ಟು ಶುರುವಾಗಿ ಸುಸ್ತಾಗಿದೆ ಅಂದರು. ಹಾಗಂತ ಅದನ್ನು ನೆಪ ಮಾಡಿಕೊಳ್ಳಲಿಲ್ಲ. ಅವರ ತಂಡ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. ಆಗ ಚೀನಾದಲ್ಲೂ ಎಷ್ಟೋ ಜನ ಕೇಳಿದ್ದು ನಮ್ಮ ಹಾಸ್ಟೆಲ್ ಪ್ರಶ್ನೆಯನ್ನೇ: ಆ ದಿನಗಳಲ್ಲಿ ಈಜೋಕೆ ಆಗುತ್ತಾ?

ಆಗಲ್ಲ ಅನ್ನಿಸಿದ ದಿನ ಬಿಡಿ, ನೋವು ಇದ್ದರೆ ಮಲಗಿ. ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೆ ಈಜಲ್ಲ, ಡಾಕ್ಟರ್ ಹತ್ತಿರ ಹೋಗಿ. ಮುಟ್ಟು ಇರಲಿ ಇಲ್ಲದಿರಲಿ, ಹರಿಯುವ ಕಾಲುವೆಯಲ್ಲಿ ಈಸು ಕಲಿಯೋಕೆ ಹೋಗಬೇಡಿ, ಸೆಳವು ಜೋರಿರುತ್ತೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಕ್ಯಾಂಪಸ್ ಪೂಲ್‌ಗೆ ಬರುವವರು ಗಾಢ ಬಣ್ಣದ ಸ್ವಿಮ್‌ಸೂಟ್, ಒಂದು ಕಪ್ಪು ಟವೆಲ್, ಈಜಿದ ನಂತರಕ್ಕೆ ಒಣ ಚಡ್ಡಿ ಮತ್ತು ಒಂದು ಪ್ಯಾಡ್ ಬ್ಯಾಗಲ್ಲಿ ಇಟ್ಟುಕೊಳ್ಳಿ. ಮರೆತರೆ ನಮ್ಮನ್ನು ಕೇಳಿ, ನಮ್ಮ ಬ್ಯಾಗಲ್ಲಿ ಒಂದು ಎಕ್ಸ್‌ಟ್ರಾ ಇರುತ್ತೆ.