ಅಕ್ಷರ ಬಲ್ಲೆವು, ಮಾತೂ ಬರಲಿ: ಅಂತರ್ಜಾಲದಲ್ಲಿ ಅರಬಿ ಕಲಿಕೆ

ನಮ್ಮ ಬೆಟ್ಟದ ಕಾಫಿಗೂ ಅರಬಿ ಭಾಷೆಗೂ ಹಳೆಯ ನಂಟು. ಬಾಬಾ ಬುಡನ್ ಅವರು ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬ ಕಥೆ ಎಲ್ಲರಿಗೂ ಗೊತ್ತು. 'ಕಾಫಿ' ಎಂಬ ಹೆಸರೂ ಅರಬಿಯ 'ಕಹ್ವಾ'ದಿಂದ ಹೊರಟು ತುರ್ಕಿ ಮತ್ತು ಯೂರೋಪಿನ ಭಾಷೆಗಳನ್ನು ಹಾದು ನಮ್ಮಲ್ಲಿಗೆ ಬಂದದ್ದು. ತಾರೀಖು, ಹಾಜರು, ವಕೀಲ, ಕಾನೂನು, ಜಿಲ್ಲೆ, ಖಾಲಿ, ಅಸಲು: ದಿನವೂ ಆಡುವ ಈ ಕನ್ನಡ ಪದಗಳ ಮೂಲ ಅರಬಿಯೇ. ಇಷ್ಟಿದ್ದರೂ ಅರಬಿಯಲ್ಲಿ ನಾಲ್ಕು ವಾಕ್ಯ ಮಾತಾಡಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ.

ಏಕೆ ಕಲಿಯಬೇಕು?

ಮದರಸದಲ್ಲಿ ಓದಿದವರಿಗೆ 28 ಅಕ್ಷರಗಳೂ ಉಚ್ಚಾರವೂ ಬರುತ್ತವೆ. ಆದರೆ ಓದುವುದು ಬೇರೆ, ಓದಿದ್ದರ ಅರ್ಥ ತಿಳಿಯುವುದು ಬೇರೆ. ಪಿಯುಸಿಯಲ್ಲಿ ಅರಬಿಯನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಲು ಅವಕಾಶವಿದೆ. ಇನ್ನು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರ ಮಾತು. ಸೌದಿ ಅರೇಬಿಯಾದ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ಕರಾರುಪತ್ರ ಅರಬಿಯಲ್ಲಿರಬೇಕು. ಜೊತೆಗಿರುವ ಬೇರೆ ಭಾಷೆಯ ಪ್ರತಿಯಲ್ಲಿ ವ್ಯತ್ಯಾಸ ಕಂಡರೆ ಅರಬಿ ಪಠ್ಯವೇ ಊರ್ಜಿತ. ಸಹಿ ಹಾಕುವ ಕಾಗದದಲ್ಲಿ ಸಂಬಳವೆಷ್ಟು, ರಜೆಯೆಷ್ಟು ಎಂದು ತಾನೇ ಓದಿ ತಿಳಿಯುವವನು ಬೇರೆಯವರ ಬಾಯಿಮಾತನ್ನು ನಂಬಿ ಕೂರಬೇಕಾಗಿಲ್ಲ.

ಯಾವ ಅರಬಿ?

ಮೊದಲು ಇದನ್ನು ನಿರ್ಧರಿಸಿಕೊಳ್ಳಿ. ಪುಸ್ತಕ, ಪತ್ರಿಕೆ, ವಾರ್ತೆಗಳದ್ದು 'ಫುಸ್‌ಹಾ', ಅಂದರೆ ಶಿಷ್ಟ ಅರಬಿ. ಮನೆ, ಮಾರುಕಟ್ಟೆಯದ್ದು 'ಆಮ್ಮಿಯಾ', ಆಡುಮಾತು. ಅದು ಊರಿಂದೂರಿಗೆ ಬದಲಾಗುತ್ತದೆ. 'ಹೇಗಿದ್ದೀರಿ?' ಎನ್ನಲು ಪುಸ್ತಕದಲ್ಲಿ 'ಕೈಫ ಹಾಲುಕ', ಈಜಿಪ್ಟಿನಲ್ಲಿ 'ಇಝ್ಝಯ್ಯಕ್', ಕೊಲ್ಲಿಯಲ್ಲಿ 'ಶ್ಲೋನಕ್'. ಪರೀಕ್ಷೆಗೂ ಓದಿಗೂ ಫುಸ್‌ಹಾ ಬೇಕು. ಅದರ ಬುನಾದಿ ಗಟ್ಟಿಯಾದ ಮೇಲೆ ಆಡುಮಾತು ಹಿಡಿಯುವುದು ಸುಲಭ. ಎರಡನ್ನೂ ಒಟ್ಟಿಗೆ ಕಲಸಿಕೊಂಡರೆ ಯಾವುದೂ ದಕ್ಕುವುದಿಲ್ಲ.

ಎಲ್ಲಿ ಕಲಿಯಬೇಕು?

ತಮಿಳುನಾಡಿನ ವಾಣಿಯಂಬಾಡಿಯವರಾದ ಡಾ. ವಿ. ಅಬ್ದುರ್ರಹೀಮ್ ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಅರಬಿಯೇತರರಿಗೆ ಭಾಷೆ ಕಲಿಸಲು ಬರೆದ ಪಠ್ಯ ಮೂರು ಭಾಗಗಳಲ್ಲಿದೆ. 'ಮದೀನಾ ಪುಸ್ತಕ'ಗಳೆಂದೇ ಹೆಸರಾದ ಇವುಗಳ ವಿಡಿಯೋ ಪಾಠಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. 'ಇದು ಮನೆ', 'ಇದು ಮಸೀದಿ' ಎಂಬ ಪುಟ್ಟ ವಾಕ್ಯಗಳಿಂದ ಹೊರಟು ವ್ಯಾಕರಣ ತಾನಾಗಿ ಬರುವಂತೆ ಪಾಠಗಳನ್ನು ಜೋಡಿಸಲಾಗಿದೆ. ಅಲ್ ಜಝೀರಾದ ಅರಬಿ ಕಲಿಕಾ ತಾಣವೂ ಉಚಿತ. ವಾರ್ತೆ ಕೇಳಿ ಅರ್ಥಮಾಡಿಕೊಳ್ಳಲು ಅನುಕೂಲ. ಡ್ಯುಯೊಲಿಂಗೊ 2019ರಲ್ಲಿ ಅರಬಿ ಸೇರಿಸಿತು. ಅಕ್ಷರವೇ ತಿಳಿಯದವರಿಗೆ ಅದು ಒಳ್ಳೆಯ ಮೆಟ್ಟಿಲು, ಆದರೆ ಅದರ ಅಂಕ ಏರಿದಷ್ಟೂ ಭಾಷೆ ಏರುತ್ತದೆಂದು ತಿಳಿಯಬೇಡಿ.

ಹೇಗೆ ಕಲಿಯಬೇಕು?

ಮೊದಲನೆಯದು, ಧಾತು. ಅರಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಬೇರಿನಿಂದ ಚಿಗುರುತ್ತವೆ. ಕ-ತ-ಬ ಎಂದರೆ ಬರೆಯುವುದು. ಅದರಿಂದಲೇ ಕಿತಾಬ್ (ಪುಸ್ತಕ), ಕಾತಿಬ್ (ಬರೆಯುವವ), ಮಕ್ತಬಾ (ಗ್ರಂಥಾಲಯ). ದ-ರ-ಸ ಎಂದರೆ ಕಲಿಯುವುದು. ಅದರಿಂದ ದರ್ಸ್ (ಪಾಠ), ಮದ್ರಸಾ (ಶಾಲೆ). ಪದಗಳನ್ನು ಬಿಡಿಬಿಡಿಯಾಗಿ ಉರುಹೊಡೆಯದೆ ಬೇರಿನ ಪ್ರಕಾರ ಗುಂಪು ಮಾಡಿ ಬರೆದುಕೊಳ್ಳಿ. ಬ್ಯಾರಿ ಅಥವಾ ಉರ್ದು ಮನೆಮಾತಿನವರಿಗೆ ಇವುಗಳಲ್ಲಿ ಎಷ್ಟೋ ಆಗಲೇ ಪರಿಚಿತ.

ಎರಡನೆಯದು, ಮರುಕಳಿಕೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಮರೆಯುವ ಹೊತ್ತಿಗೆ ಮತ್ತೆ ನೆನೆದರೆ ನೆನಪು ಬಲಿಯುತ್ತದೆ. ಇಂದು ಕಲಿತ ಹತ್ತು ಪದಗಳನ್ನು ನಾಳೆ, ಮೂರನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ ತಿರುವಿಹಾಕಿ. 'ಆಂಕಿ' ಎಂಬ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ. ಆಂಡ್ರಾಯ್ಡ್ ಫೋನಿಗೆ ಉಚಿತ.

ಮೂರನೆಯದು, ಬಾಯಿ. ಕನ್ನಡದಲ್ಲಿ ಬರೆದರೆ 'ಕಲ್ಬ್' ಒಂದೇ. ಅರಬಿಯಲ್ಲಿ 'ಕಾಫ್' ಅಕ್ಷರಗಳು ಎರಡು. ಗಂಟಲಾಳದಿಂದ ಬಂದರೆ ಅದು ಹೃದಯ, ನಮ್ಮ ಮಾಮೂಲಿ 'ಕ'ಕಾರವಾದರೆ ನಾಯಿ! ಆದ್ದರಿಂದ ಕನ್ನಡ ಅಥವಾ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಕಲಿಯುವುದನ್ನು ಬೇಗ ಬಿಡಿ. ಫೋರ್ವೊ ತಾಣದಲ್ಲಿ ಅರಬರೇ ಹೇಳಿದ ಉಚ್ಚಾರ ಕೇಳಿ, ನಿಮ್ಮ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹೋಲಿಸಿ. ತಪ್ಪು ಎಲ್ಲಿದೆ ಎಂದು ಅರಬಿ ಉಪನ್ಯಾಸಕರನ್ನೋ ಉಸ್ತಾದರನ್ನೋ ಕೇಳಿ. ತಿದ್ದುವ ಕಿವಿ ಫೋನಿಗಿಂತ ಅವರಿಗೆ ಚುರುಕು.

ಎಚ್ಚರಿಕೆಗಳು

'ಮೂವತ್ತೇ ದಿನದಲ್ಲಿ ಅರಬಿ' ಎನ್ನುವ ಜಾಹೀರಾತಿಗೆ ಹಣ ಕಟ್ಟಬೇಡಿ. ಮಾತಿನ ಅಭ್ಯಾಸಕ್ಕೆಂದು ಪರಿಚಯವಾಗುವ ಅಪರಿಚಿತರಿಗೆ ಫೋಟೋ, ಫೋನ್ ನಂಬರ್, ವಿಳಾಸ ಕೊಡಬೇಡಿ. ಹೋಂವರ್ಕನ್ನು ಗೂಗಲ್ ಟ್ರಾನ್ಸ್‌ಲೇಟಿನಿಂದ ಇಳಿಸಿಕೊಂಡರೆ ಕಲಿತದ್ದು ಯಂತ್ರ, ನೀವಲ್ಲ. ಮೊದಲು ನೀವೇ ಬರೆಯಿರಿ, ಆಮೇಲೆ ಹೋಲಿಸಿ ನೋಡಿ.

ಕಳಸ, ಮೂಡಿಗೆರೆ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಸಿಗ್ನಲ್ ಇರುವಲ್ಲಿ ವಾರದ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಳ್ಳಿ, ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಸ್ಸಿನ ದಾರಿಯಲ್ಲಿ ಕೇಳಲು ಆಡಿಯೋ ಸಾಕು.

ದಿನಕ್ಕೆ ಇಪ್ಪತ್ತು ನಿಮಿಷ ಕೊಡಿ: ಹತ್ತು ನಿಮಿಷ ಹೊಸ ಪಾಠ, ಐದು ನಿಮಿಷ ಹಳೆಯ ಪದ, ಐದು ನಿಮಿಷ ಗಟ್ಟಿಯಾಗಿ ಓದು. ಭಾನುವಾರ ಒಂದೇ ದಿನ ಎರಡು ಗಂಟೆ ಕೂತು ಕಲಿಯುವುದಕ್ಕಿಂತ ಇದು ಮೇಲು. ಜೊತೆಗೊಬ್ಬ ಗೆಳೆಯನೋ ಗೆಳತಿಯೋ ಇದ್ದರೆ ಇನ್ನೂ ಒಳ್ಳೆಯದು. ಇವತ್ತೇ ಐದು ಪದಗಳಿಂದ ಶುರು ಮಾಡಿ. ಮೊದಲನೆಯದು ನಿಮಗೆ ಆಗಲೇ ಗೊತ್ತು: ಕಹ್ವಾ.